ಅಳತೆಗೆ ನಿಂತ ಅಕ್ಕ

ಬಟ್ಟೆ ಅಂಗಡಿಯವನ ಕಣ್ಣು ಒಳ್ಳೆಯ ಕಣ್ಣಲ್ಲ. ಎದುರಿಗೆ ಬಂದವರು ನಮಸ್ಕಾರ ಹೇಳುವಷ್ಟರಲ್ಲಿ ಅದು ಅವರ ಭುಜ, ಎದೆ, ಸೊಂಟ ಅಳೆದು ಮುಗಿಸಿರುತ್ತದೆ. ಆಸ್ಪತ್ರೆಯಲ್ಲಿ ಮಲಗಿದ್ದ ಸ್ನೇಹಿತನನ್ನು ನೋಡಲು ಹೋದಾಗಲೂ ನಾನು ಮೊದಲು ಗಮನಿಸಿದ್ದು ಅವನ ಅಂಗಿಯ ಹೆಗಲು ಜಾರಿರುವುದನ್ನು. ಜ್ವರ ಎಷ್ಟಿದೆ ಎಂದು ಕೇಳಿದ್ದು ಆಮೇಲೆ.

ಹಾಗಾಗಿ ನಮ್ಮ ಅಂಗಡಿಯ ಅಳತೆಯಕ್ಕನನ್ನೂ ಸರಕು ತೋರಿಸುವ ಹಾಗೆಯೇ ತೋರಿಸುತ್ತೇನೆ. ಆಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಮುಖಕ್ಕೇ ಹೇಳುತ್ತಾಳೆ. ಅಗಲ ಜಾಸ್ತಿ. ನೇಯ್ಗೆ ಗಟ್ಟಿ. ಬಣ್ಣ ಬಿಡುವ ಪೈಕಿ ಅಲ್ಲ. ಎಳೆದರೆ ಹರಿಯುವುದಿಲ್ಲ, ಒಗೆದರೆ ಕುಗ್ಗುವುದಿಲ್ಲ. ದೋಷ ಒಂದೇ, ದನಿ ಸ್ವಲ್ಪ ಜೋರು. ಆದರೆ ಗಿರಾಕಿಯನ್ನು ರಸ್ತೆಯ ಆಚೆಯಿಂದಲೇ ಕರೆಯಬಲ್ಲ ದನಿಯನ್ನು ಯಾವ ವ್ಯಾಪಾರಿ ದೋಷದ ಲೆಕ್ಕಕ್ಕೆ ಹಾಕುತ್ತಾನೆ? ನೋಡಿದ ದಿನವೇ ಕೆಲಸಕ್ಕೆ ಇಟ್ಟುಕೊಂಡೆ.

ಒಗೆದರೆ ಕುಗ್ಗುವುದಿಲ್ಲ ಎಂದೆನಲ್ಲ, ಅಲ್ಲೊಂದು ಕಡೆ ನನ್ನ ಅಂದಾಜು ತಪ್ಪಿತು. ಈ ಕಥೆ ಅದರದ್ದೇ.

ನಮ್ಮದು ಹೆಂಗಸರ ಸಿದ್ಧ ಉಡುಪಿನ ಅಂಗಡಿ. ಕೆಳಗೆ ಮಾರಾಟ, ಮಹಡಿಯ ಮೇಲೆ ಹೊಲಿಗೆ. ಮೇಲಿನ ರಾಜ್ಯ ನಮ್ಮ ಕಟಿಂಗ್ ಮಾಸ್ಟರದು. ಮಾಸ್ಟರ ಕೊರಳಲ್ಲಿ ಟೇಪು ಸದಾ ನೇತಾಡುತ್ತಿರುತ್ತದೆ, ಆದರೆ ಅವರು ಅದನ್ನು ಬಳಸಿದ್ದನ್ನು ಕಂಡವರು ಕಡಿಮೆ. ಅವರ ಪದ್ಧತಿ ಬೇರೆ. ಹೊಸ ಮಾದರಿಯ ಉಡುಪು ಬಂದರೆ ಮೊದಲು ಒಂದನ್ನು ಬಿಚ್ಚಲು ಬರುವ ಹಾಗೆ ಹಸಿ ಹೊಲಿಗೆ ಹಾಕಿ, ನಮ್ಮಲ್ಲೇ ಕೆಲಸ ಮಾಡುವ ಹೆಂಗಸರ ಮೈಮೇಲೆ ತೊಡಿಸಿ, ಗುಂಡುಪಿನ್ನು ಚುಚ್ಚಿ, ಸೀಮೆಸುಣ್ಣದಲ್ಲಿ ಗೀಟು ಹಾಕುವುದು. ಸಣ್ಣ ಅಳತೆಗೆ ಗುಂಡಿಗೆ ಕಾಜಾ ಹಾಕುವ ಹುಡುಗಿ. ನಡು ಅಳತೆಗೆ ಇಸ್ತ್ರಿಯವಳು. ಎಲ್ಲಕ್ಕಿಂತ ದೊಡ್ಡ ಅಳತೆಗೆ ನಮ್ಮ ಈ ಅಕ್ಕ. ಆಕೆಯ ಮೈಮೇಲೆ ಸರಿಯಾಗಿ ಕೂತರೆ ಆ ಸೈಜಿನ ಅಷ್ಟೂ ಉಡುಪು ಹಾಗೆಯೇ ಕತ್ತರಿಸುವುದು.

ಊರಿನ ದಪ್ಪ ಹೆಂಗಸರೆಲ್ಲ ಎಷ್ಟೋ ವರ್ಷಗಳಿಂದ ಆಕೆಯ ಮೈಗೆ ಹೊಲಿದ ಬಟ್ಟೆಯನ್ನೇ ತೊಟ್ಟು ಓಡಾಡುತ್ತಿದ್ದರು. ಅಳತೆಯಕ್ಕ ಎಂಬ ಹೆಸರು ಹಾಗೆ ಬಂತು. ನನಗಿಂತ ಚಿಕ್ಕವಳು, ಆದರೂ ನಾನು ಕೂಡ ಅಕ್ಕ ಎಂದೇ ಕರೆಯುವುದು.

ಪಿನ್ನು ಚುಚ್ಚಿಸಿಕೊಳ್ಳುವುದು ಬಿಟ್ಟರೆ ಆಕೆಯ ಮುಖ್ಯ ಕೆಲಸ ಕೆಳಗಡೆ, ಟ್ರಯಲ್ ರೂಮಿನ ಬಾಗಿಲಲ್ಲಿ. ಆ ಹೊಣೆ ಸಣ್ಣದಲ್ಲ. ಮೈತುಂಬಿದ ಹೆಂಗಸರು ಬಟ್ಟೆ ಅಂಗಡಿಗೆ ಬರುವಾಗ ಅರ್ಧ ಕ್ಷಮೆ ಕೇಳುವ ಮುಖ ಮಾಡಿಕೊಂಡೇ ಬರುತ್ತಾರೆ. ನನ್ನಂಥವನು ಏನಾದರೂ ಹೇಳಹೋದರೆ ಕೆಲಸ ಕೆಡುತ್ತದೆ. ತೆಳ್ಳಗಿನ ಹುಡುಗಿಯರು ಹೇಳಿದರೆ ಇನ್ನೂ ಕೆಡುತ್ತದೆ. ಅಳತೆಯಕ್ಕ ಮಾತ್ರ ಬಾಗಿಲು ತುಂಬ ನಿಂತು, "ಬನ್ನಿ ಒಳಗೆ, ನಾನು ಹಿಡಿಸೋ ಕಡೆ ನೀವು ಹಿಡಿಸಲ್ವಾ?" ಅನ್ನುತ್ತಿದ್ದಳು. ಕನ್ನಡಿ ನೋಡಿ ಮುಖ ಸಪ್ಪಗೆ ಮಾಡಿದವರಿಗೆ, "ಬಟ್ಟೆ ನಿಮ್ಮನ್ನ ಹಾಕ್ಕೊಳ್ಳಲ್ಲಮ್ಮ, ನೀವು ಬಟ್ಟೆ ಹಾಕ್ಕೊಳ್ಳೋದು. ಅದು ಸರಿಯಾಗಿ ಕೂರದಿದ್ರೆ ತಪ್ಪು ಅದರದ್ದು," ಎನ್ನುತ್ತಿದ್ದಳು. ಅವರು ನಗುತ್ತಿದ್ದರು. ನಕ್ಕವರು ಒಂದರ ಬದಲು ಎರಡು ಕೊಳ್ಳುತ್ತಿದ್ದರು. ನಾನು ಗಲ್ಲಾದ ಹಿಂದೆ ಕೂತು ಏನೂ ಕೇಳಿಸದವನ ಹಾಗೆ ಇರುತ್ತಿದ್ದೆ.

ಹೀಗಿರುವಾಗ ಆಕೆಗೆ ಮಂಡಿನೋವು ಶುರುವಾಯಿತು. ಡಾಕ್ಟರರು ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಏರುತ್ತಿದೆ, ತೂಕ ಇಳಿಸದಿದ್ದರೆ ಮಂಡಿ ನನ್ನ ಕೈಯಲ್ಲಿಲ್ಲ ಎಂದರು. ಹಿಡಿದ ಕೆಲಸ ಬಿಡುವ ಹೆಂಗಸಲ್ಲ ಆಕೆ. ಬೆಳಗ್ಗೆ ನಡೆದಳು, ಸಂಜೆ ನಡೆದಳು, ಬಸ್ಸು ಬಿಟ್ಟಳು, ಸಿಹಿ ಬಿಟ್ಟಳು. ಮಧ್ಯಾಹ್ನದ ಡಬ್ಬಿ ಚಿಕ್ಕದಾಯಿತು. ಒಂದು ವರ್ಷದಲ್ಲಿ ಆಕೆ ಇಳಿದುಹೋದಳು. ಸಕ್ಕರೆ ಹತೋಟಿಗೆ ಬಂತು, ಮಂಡಿಯೂ ಸುಮ್ಮನಾಯಿತು. ಡಾಕ್ಟರರು ಬೇರೆ ರೋಗಿಗಳಿಗೆ ಆಕೆಯನ್ನು ತೋರಿಸಿ ಬುದ್ಧಿ ಹೇಳತೊಡಗಿದರಂತೆ.

ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುವ ಅಗತ್ಯವಿರಲಿಲ್ಲ, ಡಾಕ್ಟರರೇ ಬರೆದುಕೊಳ್ಳುತ್ತಿದ್ದರು.

ಮೊದಮೊದಲು ನಮಗೆ ಯಾರಿಗೂ ತಿಳಿಯಲಿಲ್ಲ. ಆಕೆ ತನ್ನ ಹಳೆಯ ಅಗಲವಾದ ಗೌನುಗಳನ್ನೇ ತೊಟ್ಟು ಬರುತ್ತಿದ್ದಳು. ಒಂದು ದಿನ ನಾನು ತಿರುಗಿ ನೋಡಿದರೆ ಆಕೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾಳೆ. ಯಾವಾಗ ಬಂದಳೋ ಗೊತ್ತಿಲ್ಲ. ಆ ಕುರ್ಚಿ ಕಿರ್ ಎನ್ನದೆ ಆಕೆ ಕೂತದ್ದು ಅದೇ ಮೊದಲು. ಆಗ ಮುಖ ನೋಡಿದೆ. ಕೆನ್ನೆ ಒಳಗೆ ಹೋಗಿತ್ತು, ಗೌನು ಹೆಗಲಿನಿಂದ ಜೋತುಬಿದ್ದಿತ್ತು.

ಆಮೇಲೆ ಎಲ್ಲರ ಕಣ್ಣೂ ಒಟ್ಟಿಗೆ ತೆರೆಯಿತು. ಇಷ್ಟು ವರ್ಷ "ಸ್ವಲ್ಪ ಇಳಿಸಿ ಅಕ್ಕ" ಎಂದು ಹೇಳಿದ ಬಾಯಿಗಳೇ ಈಗ ರಾಗ ಬದಲಾಯಿಸಿದವು. ಹಾಲಿನವನು, "ಏನಕ್ಕ, ಇನ್ನರ್ಧ ಎಲ್ಲಿ ಬಿಟ್ಟು ಬಂದ್ರಿ?" ಎಂದ. ಇಸ್ತ್ರಿಯವಳು ಮೆಲ್ಲಗೆ, "ಏನೂ ಕಾಯಿಲೆ ಇಲ್ಲ ತಾನೆ?" ಎಂದು ಕೇಳಿದಳು. ಹಳೆಯ ಗಿರಾಕಿಯೊಬ್ಬರು ಬಾಗಿಲಲ್ಲೇ ನಿಂತು ಆಕೆಯನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯೋ, ನೀವೂ ಹೀಗೆ ಮಾಡ್ಬಿಟ್ರಲ್ಲ ಅಕ್ಕ!" ಎಂದರು. ತಮಾಷೆಗೇ ಅಂದದ್ದು. ಆದರೆ ಅವರು ಆ ದಿನ ಟ್ರಯಲ್ ರೂಮಿಗೆ ಹೋಗುವಾಗ ಪರದೆಯನ್ನು ಗೋಡೆಯವರೆಗೆ ಎಳೆದುಕೊಂಡದ್ದನ್ನು ನಾನೂ ನೋಡಿದೆ, ಅಕ್ಕನೂ ನೋಡಿದಳು.

ಮರುವಾರ ಆಕೆ ನನ್ನ ಹತ್ತಿರ ಬಂದು, "ಯಜಮಾನ್ರೆ, ನನ್ನ ಸ್ಟಾಕ್ ರೂಮಿಗೆ ಹಾಕಿ. ಮಡಿಸೋ ಕೆಲಸ ಮಾಡ್ತೀನಿ," ಎಂದಳು.

"ಬಾಗಿಲು ಯಾರು ನೋಡ್ಕೊಳ್ಳೋದು?"

"ಬಾಗಿಲು ತಾನೇ ನಿಲ್ಲುತ್ತೆ. ಪರದೆ ಇದೆಯಲ್ಲ."

ಈ ಉತ್ತರದಲ್ಲಿ ಹಳೆಯ ಅಕ್ಕ ಸ್ವಲ್ಪ ಕಂಡಳೆಂದು ಒಪ್ಪಿದೆ. ಆದರೆ ಸ್ಟಾಕ್ ರೂಮಿನಿಂದ ಆಮೇಲೆ ಅಂಥ ಮಾತು ಬರಲಿಲ್ಲ. ಮಾತೇ ಬರಲಿಲ್ಲ. ದೀಪವನ್ನೂ ಹಾಕದೆ ಕಿಟಕಿಯ ಮಬ್ಬು ಬೆಳಕಿನಲ್ಲಿ ಮಡಿಸುತ್ತಿದ್ದಳು. ಡಬ್ಬಿ ಬಿಚ್ಚುವಾಗ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಎಷ್ಟೋ ದಿನ ಬಿಚ್ಚುತ್ತಲೇ ಇರಲಿಲ್ಲ. ಒಂದು ವಿಚಿತ್ರ ನೋಡಿ. ಕೌಂಟರಿಗೂ ಕೋಟಿನ ಸ್ಟ್ಯಾಂಡಿಗೂ ನಡುವೆ ಈಗ ಆಕೆ ಆರಾಮಾಗಿ ನೇರ ನಡೆದುಹೋಗಬಹುದು, ಆದರೂ ಆ ಜಾಗ ಬಂದಾಗ ಹಳೆಯ ರೂಢಿಯಂತೆ ಅಡ್ಡ ತಿರುಗಿ, ಹೊಟ್ಟೆ ಒಳಗೆಳೆದು ದಾಟುತ್ತಿದ್ದಳು.

ಆಕೆಯ ಗಂಡ ಎದುರು ಸಾಲಿನಲ್ಲಿ ಬೀಗ ರಿಪೇರಿ ಮಾಡುವವನು. ಮಾತು ಕಡಿಮೆ. ಒಂದು ಮಧ್ಯಾಹ್ನ ನಮ್ಮ ಶಟರಿನ ಬೀಗಕ್ಕೆ ಎಣ್ಣೆ ಬಿಡುವ ನೆಪ ಮಾಡಿಕೊಂಡು ಬಂದ. ಬೀಗ ಸರಿಯಾಗಿಯೇ ಇತ್ತು.

"ಯಜಮಾನ್ರೆ, ಮನೇಲಿ ಬೀರು ಕನ್ನಡಿಗೆ ದುಪ್ಪಟಿ ಹೊದಿಸಿದಾಳೆ."

"ಧೂಳಿಗೇನೋ."

"ಧೂಳಿಗಲ್ಲ. ನಾನು ಗಡ್ಡ ಮಾಡ್ಕೋಬೇಕಾದ್ರೆ ಸ್ಟೀಲ್ ತಟ್ಟೆ ನೋಡ್ಕೊಂಡು ಮಾಡ್ತಿದೀನಿ." ಗಲ್ಲದ ಮೇಲೆ ಎರಡು ಕಡೆ ಕೊಯ್ದುಕೊಂಡದ್ದು ಕಾಣುತ್ತಿತ್ತು.

"ನೀವೇನಾದ್ರೂ ಅಂದ್ರಾ ಆಕೆಗೆ?"

"ದೇವರಾಣೆ ನಾನೇನೂ ಅಂದಿಲ್ಲ. ಚೆನ್ನಾಗಿದೀಯ ಅಂದ್ರೆ ಮೊದಲು ಚೆನ್ನಾಗಿರ್ಲಿಲ್ವಾ ಅಂತಾಳೆ. ಮೊದಲೇ ಚೆನ್ನಾಗಿದ್ದೆ ಅಂದ್ರೆ ಈಗ ಚೆನ್ನಾಗಿಲ್ವಾ ಅಂತಾಳೆ. ಅದಕ್ಕೇ ಬಾಯಿಗೆ ಬೀಗ ಹಾಕ್ಕೊಂಡೆ."

"ಊರವರ ಬೀಗ ತೆಗೀತೀರಿ. ನಿಮ್ಮದು ತೆಗೆಯೋಕೆ ಆಗಲ್ವಾ?"

ಆತ ಎಣ್ಣೆಯ ಡಬ್ಬಿ ಮುಚ್ಚಿ, "ಆ ಥರ ಬೀಗ ಇನ್ನೂ ನೋಡಿಲ್ಲ," ಎಂದು ಹೇಳಿ ಹೋದ.

ಆ ಸಂಜೆ ನಾನು ಸ್ಟಾಕ್ ರೂಮಿಗೆ ಹೋಗಿ ವ್ಯಾಪಾರಿಗೆ ಬರುವ ಒಂದೇ ಭಾಷೆಯಲ್ಲಿ, ಅಂದರೆ ಹೊಗಳಿಕೆಯಲ್ಲಿ, ಶುರು ಮಾಡಿದೆ. "ಅಕ್ಕ, ಈಗ ಬಹಳ ಚೆನ್ನಾಗಿ ಕಾಣ್ತೀರಿ."

"ಯಜಮಾನ್ರೆ, ನಾನೂ ಬಟ್ಟೆ ಮಾರಿದವಳೇ," ಎಂದಳು, ಮಡಿಸುವುದನ್ನು ನಿಲ್ಲಿಸದೆ. ಇನ್ನೊಂದು ಗೌನು ಮಡಿಸಿಟ್ಟು ತಾನಾಗಿಯೇ ಹೇಳಿದಳು. "ಎಲ್ಲಾ ಜೋತುಬಿದ್ದಿದೆ. ತೋಳು, ಹೊಟ್ಟೆ. ಸಾಮಾನು ಖಾಲಿ ಮಾಡಿದ ಚೀಲ ಇರುತ್ತಲ್ಲ, ಹಾಗೆ. ಇಷ್ಟೆಲ್ಲಾ ಇಳಿದ ಮೇಲೆ ಒಳಗಿಂದ ಯಾರೋ ಒಬ್ಬಳು ಹೊರಗೆ ಬರ್ತಾಳೆ ಅಂದ್ಕೊಂಡಿದ್ದೆ. ಯಾರೂ ಬರ್ಲಿಲ್ಲ. ಮೊದಲಿದ್ದವಳೂ ಹೋದ್ಲು."

ಮೂವತ್ತು ವರ್ಷ ಅಂಗಡಿ ನಡೆಸಿದರೂ ಕೆಲವು ಸಲ ಸರಕು ಇಲ್ಲ ಎಂದೇ ಹೇಳಬೇಕಾಗುತ್ತದೆ.

"ಚಳಿಗಾಲದ ವ್ಯಾಪಾರ ಮುಗೀಲಿ. ಆಮೇಲೆ ನಾನು ಬಿಡ್ತೀನಿ," ಎಂದಳು. "ಇಲ್ಲಿ ಎಲ್ಲಿ ನೋಡಿದ್ರೂ ಕನ್ನಡಿ."

ಮಾತು ನಿಜ. ಬಟ್ಟೆ ಅಂಗಡಿಯಲ್ಲಿ ಕನ್ನಡಿಗೆ ದುಪ್ಪಟಿ ಹೊದಿಸಿದರೆ ಬಾಗಿಲೂ ಹಾಕಬೇಕಾಗುತ್ತದೆ. ನಾನು ಗಲ್ಲಾಕ್ಕೆ ವಾಪಸಾದೆ.

ಇಷ್ಟೆಲ್ಲ ಕೆಳಗೆ ನಡೆಯುತ್ತಿದ್ದರೂ ಮಹಡಿಯ ಮೇಲಿನ ಮಾಸ್ಟರಿಗೆ ಮಾತ್ರ ಜಗತ್ತಿನಲ್ಲಿ ಏನೂ ಬದಲಾಗಿರಲಿಲ್ಲ. ಆ ವರ್ಷ ಚಳಿಗಾಲಕ್ಕೆ ಉಣ್ಣೆಯ ಉದ್ದ ಕೋಟುಗಳನ್ನು ಮಾಡಿದ್ದೆವು. ಪದ್ಧತಿಯಂತೆ ಅಕ್ಕ ಮೇಲೆ ಹೋಗಿ ನಿಂತಿದ್ದಳು. ಆಕೆ ತೊಟ್ಟಿದ್ದ ಗೌನೂ ದೊಗಳೆ, ಮೇಲೆ ತೊಡಿಸಿದ ಹಸಿ ಹೊಲಿಗೆಯ ಕೋಟೂ ದೊಗಳೆ. ಮಾಸ್ಟರು ಪಿನ್ನು ಚುಚ್ಚುತ್ತ ಒಳಗೆ ಹಿಡಿದರು. ಮತ್ತೂ ಒಳಗೆ ಹಿಡಿದರು. ಆಮೇಲೆ ಮೆಟ್ಟಿಲಿನ ತಲೆಯಲ್ಲಿ ನಿಂತು ಕೆಳಗೆ ಕೂಗಿದರು.

"ಯಜಮಾನ್ರೆ, ಈ ಸಲದ ಉಣ್ಣೆ ಸರಿ ಇಲ್ಲ! ನೇತುಹಾಕಿದ್ರೆ ಹಿಗ್ಗುತ್ತೆ. ಮಿಲ್‌ನವರಿಗೆ ಬೈದು ಹೇಳಿ!"

ನಾನು ಫೋನು ಮಾಡಿ ಬೈದೆ. ಮಿಲ್‌ನವರು ತಮ್ಮ ಉಣ್ಣೆ ಹಿಗ್ಗುವುದಿಲ್ಲ ಎಂದು ವಾದಿಸಿದರು. ನಾನು ನಂಬಲಿಲ್ಲ, ಅದು ನನ್ನ ಕಸುಬಿನ ಧರ್ಮ. ಅಕ್ಕ ಇಳಿದದ್ದಕ್ಕೂ ಈ ಕೋಟಿಗೂ ಗಂಟು ಹಾಕಿ ನೋಡಲು ನನಗೂ ಹೊಳೆಯಲಿಲ್ಲ. ಮಾಸ್ಟರಿಗಂತೂ ಸಂಶಯವೇ ಇರಲಿಲ್ಲ. ಅಳತೆಯಕ್ಕ ಎಂದರೆ ಅವರಿಗೆ ಗೋಡೆಗೆ ಹೊಡೆದ ಮೊಳೆ ಇದ್ದ ಹಾಗೆ. ಬಟ್ಟೆ ಹಿಗ್ಗಬಹುದು, ಕುಗ್ಗಬಹುದು; ಮೊಳೆ ಯಾಕೆ ಅಲುಗುತ್ತದೆ? ಹೀಗೆ ದೊಡ್ಡ ಸೈಜಿನ ಅಷ್ಟೂ ಕೋಟುಗಳನ್ನು ಅವರು ಅದೇ ಗೀಟಿಗೆ ಹೊಲಿಸಿ, ದೊಡ್ಡ ಸೈಜಿನ ಚೀಟಿ ಹಚ್ಚಿಸಿ ಕೆಳಗೆ ಕಳುಹಿಸಿದರು.

ಚಳಿ ಶುರುವಾಯಿತು, ಗಿರಾಕಿಗಳು ಬಂದರು. ಕೋಟು ಹಿಡಿದು ಒಳಗೆ ಹೋದ ದಪ್ಪ ಹೆಂಗಸರು ಬಹಳ ಹೊತ್ತು ಹೊರಗೆ ಬರುತ್ತಿರಲಿಲ್ಲ. ಬಂದಾಗ ಕೋಟನ್ನು ಚೆನ್ನಾಗಿ ಮಡಿಸಿ, ಕೌಂಟರಿನ ಮೇಲೆ ಮೆತ್ತಗೆ ಇಟ್ಟು, "ಆಮೇಲೆ ಬರ್ತೀನಿ" ಎಂದು ಹೋಗುತ್ತಿದ್ದರು. ಯಾರೂ ಜಗಳವಾಡಲಿಲ್ಲ. ಮನೆಗೆ ಒಯ್ದು ಹಾಕಿ ನೋಡಿದವರೂ ಹಿಂದಕ್ಕೆ ತರಲಿಲ್ಲ. ಒಬ್ಬ ಟೀಚರಮ್ಮನನ್ನು ಕೇಳಿದೆ: "ಕೋಟು ಹೇಗಿದೆ?"

"ಕೋಟು ಚೆನ್ನಾಗಿದೆ ಸಾರ್. ನಾನೇ ಸರಿ ಇಲ್ಲ."

ಇಷ್ಟು ವರ್ಷದಲ್ಲಿ ಗಿರಾಕಿ ನನ್ನ ಸರಕಿನ ಬದಲು ತನ್ನನ್ನೇ ಬೈದುಕೊಂಡದ್ದನ್ನು ನಾನು ಕೇಳಿರಲಿಲ್ಲ. ಮೊದಲ ದಿನ ಸ್ವಲ್ಪ ಹಾಯೆನಿಸಿತು. ವಾರವಾಗುವ ಹೊತ್ತಿಗೆ ಏನೋ ಕೆಟ್ಟಿದೆ ಎಂದು ಮೂಗಿಗೆ ಬಡಿಯಿತು. ಆದರೆ ಏನೆಂದು ತಿಳಿಯಲಿಲ್ಲ.

ಆಗ ಬಂದವಳು ಕಂಡಕ್ಟರಮ್ಮ. ನಮ್ಮ ರಸ್ತೆಯ ಬಸ್ಸಿನಲ್ಲಿ ಟಿಕೆಟು ಕೊಡುವವಳು. ಅಗಲದಲ್ಲೂ ದನಿಯಲ್ಲೂ ಹಳೆಯ ಅಳತೆಯಕ್ಕನಿಗೆ ಸಮ. ಬಾಗಿಲಿನಿಂದಲೇ "ಮುಂದೆ ಹೋಗಿ, ಮುಂದೆ ಹೋಗಿ" ಎನ್ನುತ್ತ ನನ್ನ ಅಂಗಡಿಯ ಗಿರಾಕಿಗಳನ್ನೂ ಸರಿಸಿ ಬಂದಳು. ಬೆಳಗಿನ ಮೊದಲ ಬಸ್ಸಿನಲ್ಲಿ ಚಳಿ ತಡೆಯುವುದಿಲ್ಲವೆಂದು ಕೋಟು ಆರಿಸಿಕೊಂಡು ಟ್ರಯಲ್ ರೂಮಿಗೆ ಹೋದಳು.

ಪರದೆಯ ಹಿಂದೆ ಸದ್ದು ನಿಂತಿತು. ಬಹಳ ಹೊತ್ತಾದ ಮೇಲೆ ಅವಳ ದನಿ ಬಂತು. ಬಸ್ಸಿನ ದನಿಯಾಗಿರಲಿಲ್ಲ ಅದು.

"ಯಜಮಾನ್ರೆ, ಇದಕ್ಕಿಂತ ದೊಡ್ಡದು ಇದೆಯಾ?"

"ಅದೇ ಎಲ್ಲಕ್ಕಿಂತ ದೊಡ್ಡದು ಕಣಮ್ಮ."

ಒಳಗೆ ಸ್ಟೂಲು ಸರಿದು ಯಾರೋ ಕೂತ ಸದ್ದು. ಆಮೇಲೆ ಮೂಗು ಏರಿಸಿದ ಸದ್ದು. "ಹೋದ ವರ್ಷ ಇದೇ ಸೈಜು ಸಡಿಲವಾಗಿತ್ತು," ಎಂದು ಅವಳು ತನಗೇ ಹೇಳಿಕೊಳ್ಳುತ್ತಿದ್ದಳು. "ರಾತ್ರಿ ಊಟ ಬಿಟ್ಟೆ. ಇನ್ನು ಮಧ್ಯಾಹ್ನದ್ದೂ ಬಿಡ್ಬೇಕು. ಸಾಯ್ಲಿ ಈ ಮೈ."

ಟ್ರಯಲ್ ರೂಮಿಗೂ ಸ್ಟಾಕ್ ರೂಮಿಗೂ ನಡುವೆ ಇರುವುದು ಒಂದು ತೆಳು ಹಲಗೆ. ಆ ಹಲಗೆಯ ಆಚೆ ಮಡಿಸುವ ಸದ್ದು ನಿಂತಿತು. ಅಳತೆಯಕ್ಕ ಹೊರಗೆ ಬಂದಳು. ಕೋಟಿನ ಸ್ಟ್ಯಾಂಡಿನ ಹತ್ತಿರ ಎಂದಿನಂತೆ ಅಡ್ಡ ತಿರುಗಿ ದಾಟಿ, ಪರದೆಯ ಮುಂದೆ ನಿಂತಳು. ತಿಂಗಳುಗಟ್ಟಲೆ ಆಕೆ ಆ ಕಡೆ ಹೋಗಿರಲಿಲ್ಲ.

"ಕಂಡಕ್ಟರಮ್ಮ, ಒಳಗೆ ಬರ್ಲಾ?"

"ಬೇಡ ಅಕ್ಕ. ನನ್ನ ನೋಡೋ ಹಾಗಿಲ್ಲ."

"ನನ್ನೂ ನೋಡೋ ಹಾಗಿಲ್ಲ. ಸರಿಹೋಯ್ತು, ಇಬ್ಬರೂ ಕಣ್ಣು ಮುಚ್ಕೊಂಡು ಕೂರೋಣ."

ಪರದೆ ಸರಿಯಿತು, ಮತ್ತೆ ಮುಚ್ಚಿತು. ಇಲ್ಲಿಂದ ಮುಂದಿನದು ಮರ್ಯಾದಸ್ಥ ಗಂಡಸು ಕೇಳಬಾರದ ಮಾತು. ಆದರೆ ನನ್ನ ಗಲ್ಲಾ ಇರುವುದೇ ಅಲ್ಲಿ.

"ಆ ಕೋಟು ಕೊಡಿ ಇಲ್ಲಿ."

"ಯಾಕಕ್ಕ?"

"ಕೊಡಿ ಅಂದ್ನಲ್ಲ."

ಬಟ್ಟೆ ಸರಿದಾಡುವ ಸದ್ದು ಕೇಳಿಸಿತು. ಆಕೆ ಆ ದೊಗಳೆ ಗೌನನ್ನು ತೆಗೆಯುತ್ತಿದ್ದಳೆಂದು ಕಾಣುತ್ತದೆ. ಮನೆಯಲ್ಲಿ ದುಪ್ಪಟಿ ಹೊದಿಸಿದ ಹೆಂಗಸು, ಮೂರು ಕಡೆ ಕನ್ನಡಿ ಇರುವ ಗೂಡಿನಲ್ಲಿ. ನಾನು ಪೆನ್ನು ಕೆಳಗಿಟ್ಟು ಕೂತೆ.

"ಅರೆ!" ಎಂದಳು ಕಂಡಕ್ಟರಮ್ಮ. "ನಿಮಗೆ ಹೇಳಿ ಮಾಡಿಸಿದ ಹಾಗಿದೆಯಲ್ಲ!"

"ಹೇಳದೇನೇ ಮಾಡಿಸಿದ್ದು. ನನ್ನ ಮೈಮೇಲೇ ಇಟ್ಟು ಪಿನ್ನು ಚುಚ್ಚಿದ್ದು. ಆ ಮಾಸ್ಟರಿಗೆ ನಾನು ಇಳಿದಿದ್ದೇ ಕಂಡಿಲ್ಲ. ಕೋಟು ಈಗಿನ ನನ್ನದು, ಚೀಟಿ ಮೊದಲಿನ ನನ್ನದು. ನೀವು ದಪ್ಪ ಆಗಿಲ್ಲ ಕಣಮ್ಮ. ಕೋಟು ತೆಳ್ಳಗಾಗಿದೆ."

"ನೀವು ಇಷ್ಟು ಇಳಿದಿದ್ದು ನನಗೂ ಗೊತ್ತಾಗಿರ್ಲಿಲ್ಲ ಅಕ್ಕ."

"ಗೊತ್ತಾಗಬಾರದು ಅಂತಾನೇ ಗೋಣಿಚೀಲದೊಳಗೆ ಓಡಾಡ್ತಿದ್ದೆ. ಇಲ್ನೋಡಿ ತೋಳು. ಎಳೆದ್ರೆ ಬರುತ್ತೆ."

"ಅಯ್ಯೋ, ಎರಡನೇ ಹೆರಿಗೆ ಆದ್ಮೇಲೆ ನನ್ನ ಹೊಟ್ಟೆ ಹೀಗೇ ಆಗಿತ್ತು."

"ಆಮೇಲೆ?"

"ಆಮೇಲೇನು, ಹಾಗೇ ಇದೆ. ನೋಡಿ ಬೇಕಾದ್ರೆ."

"ಬೇಡ ತಾಯಿ, ನಂಬ್ತೀನಿ!"

ಒಳಗೆ ಇಬ್ಬರೂ ನಕ್ಕರು. ಒಬ್ಬಳದು ಬಸ್ಸಿನ ನಗು. ಇನ್ನೊಂದನ್ನು ಗುರುತು ಹಿಡಿಯಲು ನನಗೆ ಸ್ವಲ್ಪ ಸಮಯ ಹಿಡಿಯಿತು. ಅಷ್ಟು ದಿನವಾಗಿತ್ತು ಕೇಳಿ.

ಅಳತೆಯಕ್ಕ ಗೌನು ಹಾಕಿಕೊಂಡು, ಅದರ ಮೇಲೆ ಆ ಕೋಟನ್ನು ತೊಟ್ಟುಕೊಂಡೇ ಹೊರಗೆ ಬಂದಳು. ಅಂಗಡಿಯ ನಡುವಿನ ದೊಡ್ಡ ಕನ್ನಡಿಯ ಮುಂದೆ ನಿಂತು ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಮೆಚ್ಚಿಕೊಂಡಳು ಎಂದು ಬರೆದರೆ ಸುಳ್ಳಾಗುತ್ತದೆ. ಹೊಸದಾಗಿ ಬಂದ ಬಾಡಿಗೆಯವರನ್ನು ಮನೆಯೊಡತಿ ನೋಡುವ ಹಾಗೆ ನೋಡಿದಳು. ಇರಲಿ, ಹೇಗಿರುತ್ತಾರೋ ನೋಡೋಣ ಎಂಬ ಹಾಗೆ. ಆಮೇಲೆ ನನ್ನ ಕಡೆ ತಿರುಗಿ, "ಯಜಮಾನ್ರೆ, ಮಾಸ್ಟರನ್ನ ಕರೀರಿ," ಎಂದಳು. ಮಹಡಿಯ ಮೇಲಿನವರಿಗೂ ಕೇಳುವ ದನಿ. ನಾನು ಕರೆಯಬೇಕಾಗಲೇ ಇಲ್ಲ.

ಮಾಸ್ಟರು ಇಳಿದು ಬಂದು ಆಕೆಯನ್ನು ಸುತ್ತು ಹಾಕಿ ನೋಡಿದರು. ಕೊರಳಿನ ಟೇಪು ತೆಗೆದು ಅಳೆದರು. ಮತ್ತೊಮ್ಮೆ ಅಳೆದರು. ಟೇಪನ್ನೇ ಬೆಳಕಿಗೆ ಹಿಡಿದು ನೋಡಿದರು.

"ಟೇಪು ಹಿಗ್ಗಿಲ್ಲ ಮಾಸ್ಟರೇ," ಎಂದಳು ಅಕ್ಕ. "ಇಷ್ಟು ದಿನ ಎದುರಿಗೆ ನಿಂತಿದ್ದೆ. ಒಂದ್ಸಲವಾದ್ರೂ ನನ್ನ ಮುಖ ನೋಡ್ಬಾರದಾ?"

"ನಾನು ಮುಖಕ್ಕೆ ಹೊಲಿಯಲ್ಲಮ್ಮ," ಎಂದರು ಮಾಸ್ಟರು, ನೊಂದುಕೊಂಡು. "ನೀವ್ಯಾಕೆ ಬಾಯಿ ಬಿಡ್ಲಿಲ್ಲ?"

"ನಾಚಿಕೆ ಆಯ್ತು. ನೀವು ಪಿನ್ನು ಚುಚ್ಚೋವಾಗ ಕಣ್ಣು ಮುಚ್ಕೊಂಡು ನಿಂತಿರ್ತಿದ್ದೆ. ಬೇಗ ಮುಗೀಲಿ ಅಂತ."

ಮಾಸ್ಟರು ಒಂದು ಕೋಟಿನ ಒಳಮೈ ತಿರುಗಿಸಿ ತೋರಿಸಿದರು. ಹೊಲಿಗೆಯ ಒಳಗೆ ಅಗಲವಾಗಿ ಬಟ್ಟೆ ಬಿಟ್ಟಿದ್ದರು. ಒಳಗೆ ಹಿಡಿದದ್ದನ್ನು ಕತ್ತರಿಸಿ ಎಸೆಯುವ ಅಭ್ಯಾಸ ಅವರಿಗಿಲ್ಲ. ಹೊಲಿಗೆ ಬಿಚ್ಚಿ ಹೊರಗೆ ಬಿಟ್ಟರೆ ಕೋಟು ಮತ್ತೆ ಹಳೆಯ ಅಳತೆಗೆ ಬರುತ್ತದೆ. ನನಗೆ ನಷ್ಟ ತಪ್ಪಿತು. ಮಿಲ್‌ನವರ ಹತ್ತಿರ ಕ್ಷಮೆ ಕೇಳುವುದೊಂದು ಬಾಕಿ ಉಳಿಯಿತು. ಅದನ್ನು ಅವರೇ ಮರೆಯಲಿ ಎಂದು ಬಿಟ್ಟಿದ್ದೇನೆ.

ಸರಕಿನ ಮಟ್ಟಿಗೆ ಅಲ್ಲಿಗೆ ಮುಗಿಯಿತು. ಆದರೆ ಅಕ್ಕ ಒಪ್ಪಲಿಲ್ಲ. "ಬಿಚ್ಚಿ ಹೊಲಿಯೋದು ಆಮೇಲೆ. ಮೊದಲು ಕೋಟು ಹಾಕಿ ನೋಡಿ ಹೋದವರಿಗೆಲ್ಲ ಹೇಳ್ಬೇಕು," ಎಂದಳು.

"ಫೋನ್ ಮಾಡಿದ್ರಾಯ್ತು."

"ಫೋನಲ್ಲಿ ನಂಬಲ್ಲ ಯಜಮಾನ್ರೆ. ಸಮಾಧಾನಕ್ಕೆ ಹೇಳ್ತಿದಾರೆ ಅಂದ್ಕೋತಾರೆ. ಅವರು ಕಣ್ಣಾರೆ ನನ್ನನ್ನ ನೋಡ್ಬೇಕು."

ಹೊರಟಳು. ಅದೇ ಕೋಟು ತೊಟ್ಟು, ಚೀಟಿಯನ್ನೂ ಕೀಳದೆ. ಶಾಲೆಯ ಗೇಟಿನಲ್ಲಿ ಟೀಚರಮ್ಮನನ್ನು ಹಿಡಿದಳು. ಲಾಂಡ್ರಿಯ ಹೆಂಗಸಿಗೆ, ಔಷಧಿ ಅಂಗಡಿಯವರ ಅತ್ತೆಗೆ, ಎಲ್ಲರಿಗೂ ಒಂದೇ ಕಥೆ. ಮೊದಲನೆಯ ಮನೆಯಲ್ಲಿ ತಲೆ ತಗ್ಗಿಸಿ ಹೇಳಿದಳಂತೆ. ನಾಲ್ಕಾರು ಮನೆ ಕಳೆಯುವ ಹೊತ್ತಿಗೆ ಅದಕ್ಕೆ ರೆಕ್ಕೆಪುಕ್ಕ ಬಂದಿತ್ತು. ಮಾಸ್ಟರು ಟೇಪನ್ನು ಬೆಳಕಿಗೆ ಹಿಡಿದದ್ದನ್ನು ಅಭಿನಯಿಸಿ ತೋರಿಸುವಷ್ಟು ಆಗಿತ್ತು. ಟೀಚರಮ್ಮ ನನ್ನ ಹತ್ತಿರ ಬಂದು, "ಅಕ್ಕ ಬಂದು ಹೇಳೋವರೆಗೆ ನಾನು ಕನ್ನಡಿ ಹತ್ತಿರ ಹೋಗಿರ್ಲಿಲ್ಲ ಸಾರ್," ಎಂದರು. ನಾನು ಆ ಮಾತನ್ನು ಹಾಗೆಯೇ ಅಕ್ಕನಿಗೆ ಮುಟ್ಟಿಸಿದೆ. ಆಕೆ ಕೈಯಲ್ಲಿದ್ದ ಗೌನನ್ನು ಮತ್ತೊಮ್ಮೆ ಬಿಚ್ಚಿ ಮಡಿಸಿದಳು.

ಇದರಿಂದ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಮರುವಾರವೇ ಆಕೆ ಎರಡು ದಿನ ಬರಲಿಲ್ಲ, ಹಾಸಿಗೆಯಿಂದ ಏಳಲಿಲ್ಲ. ಆಗ ಬೀಗದವನು ಬಾಯಿಯ ಬೀಗ ತೆಗೆದ. ಏನು ಹೇಳಿದನೆಂದು ನನಗೆ ಗೊತ್ತಿಲ್ಲ, ಆದರೆ ಆಕೆಯನ್ನು ಅದೇ ಡಾಕ್ಟರರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರರು ತೂಕ ನೋಡಿ ಖುಷಿಪಡುತ್ತಿದ್ದಾಗ ಅಕ್ಕ, "ತೂಕ ಇರ್ಲಿ ಡಾಕ್ಟ್ರೆ, ಯಾವುದೂ ಬೇಡ ಅನ್ಸುತ್ತೆ, ಅದಕ್ಕೇನು ಮಾಡ್ಲಿ?" ಎಂದಳಂತೆ. ಡಾಕ್ಟರರು ಪೆನ್ನು ಕೆಳಗಿಟ್ಟರು. ಊಟ ತೀರಾ ಕಡಿಮೆ ಮಾಡಿದ್ದೀರಿ ಎಂದರು. ಮೈ ಇಷ್ಟು ಬದಲಾದಾಗ ಮನಸ್ಸು ಹಿಂದೆ ಬೀಳುವುದುಂಟು, ಇದಕ್ಕೆ ನಾಚಬೇಕಾಗಿಲ್ಲ ಎಂದರು. ಮನಸ್ಸಿನ ವಿಷಯ ಕೂತು ಮಾತಾಡುವ ಒಬ್ಬ ಮೇಡಂ ಹತ್ತಿರ ಕಳುಹಿಸಿದರು. ಈಗ ಆಕೆ ಗುರುವಾರ ಮಧ್ಯಾಹ್ನ ಅಲ್ಲಿಗೆ ಹೋಗುತ್ತಾಳೆ. ಡಬ್ಬಿ ಸ್ವಲ್ಪ ದೊಡ್ಡದಾಗಿದೆ.

"ಮೇಡಂ ಏನು ಹೇಳ್ತಾರೆ?" ಎಂದು ಕೇಳಿದ್ದಕ್ಕೆ, "ಅವರೇನೂ ಹೇಳಲ್ಲ. ನಾನೇ ಹೇಳ್ತೀನಿ, ಅವರು ಕೇಳ್ತಾರೆ. ಕೆಲಸ ಅಂದ್ರೆ ಅದು," ಎಂದಳು.

ಮಾಸ್ಟರು ತಮ್ಮ ಕಡೆಯಿಂದ ಒಂದು ಪ್ರಾಯಶ್ಚಿತ್ತ ಮಾಡಿದರು. ಅಕ್ಕನ ಹಳೆಯ ಗೌನೊಂದಕ್ಕೆ ಚಿಂದಿ ಬಟ್ಟೆ ತುಂಬಿ, ಹಳೆಯ ಅಳತೆಗೆ ಸರಿಯಾಗಿ ಒಂದು ಬೊಂಬೆ ಮಾಡಿ ಮಹಡಿಯ ಮೂಲೆಯಲ್ಲಿ ನಿಲ್ಲಿಸಿದರು. ದೊಡ್ಡ ಸೈಜು ಈಗ ಅದರ ಮೈಮೇಲೆ. ಒಂದು ದಿನ ನಾನು ಮೇಲೆ ಹೋದಾಗ ಅಕ್ಕ ಅದರ ಹೆಗಲಿನ ಮೇಲೆ ಕೈ ಹಾಕಿ ನಿಂತಿದ್ದಳು.

"ಇವಳ ಮೇಲೆ ಎಷ್ಟು ಕೋಪ ಇತ್ತು ಯಜಮಾನ್ರೆ. ಪಾಪ, ಇಷ್ಟು ವರ್ಷ ನನ್ನ ಹೊತ್ಕೊಂಡು ತಿರುಗಿದ್ಲು."

"ಈಗಿನವಳ ಮೇಲೆ?"

"ಪರಿಚಯ ಆಗ್ತಿದೆ," ಎಂದಳು.

ಅದೇ ವಾರ ಮಾಸ್ಟರಿಂದ ತನಗೆಂದು ಹೊಸ ಗೌನು ಹೊಲಿಸಿಕೊಂಡಳು. ತೋಳು ಎಷ್ಟು ಉದ್ದ ಬೇಕೆಂದು ಮಾಸ್ಟರು ಕೇಳಿದಾಗ ಬಹಳ ಯೋಚಿಸಿ ಮೊಣಕೈವರೆಗೆ ಎಂದಳು. ಬೀಗದವನು ಬಂದು ವರದಿ ಕೊಟ್ಟ: ಬೀರುವಿನ ದುಪ್ಪಟಿ ಮೊದಲು ಕುತ್ತಿಗೆಯವರೆಗೆ ಸರಿಯಿತು, ಈಗ ಸೊಂಟಕ್ಕೆ ಬಂದಿದೆ, ಅವನ ಗಡ್ಡಕ್ಕೆ ಅಷ್ಟು ಸಾಕು. ಉಳಿದದ್ದಕ್ಕೆ ಯಾರಿಗೂ ಅವಸರವಿಲ್ಲ.

ಚಳಿಗಾಲ ಮುಗಿಯಿತು. ಬಿಡುತ್ತೇನೆ ಎಂದಿದ್ದವಳು ಒಂದು ಬೆಳಗ್ಗೆ ಬಂದು ಸ್ಟಾಕ್ ರೂಮಿಗೆ ಹೋಗದೆ ಟ್ರಯಲ್ ರೂಮಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಬಾಗಿಲು ಈಗ ಆಕೆಯಿಂದ ತುಂಬುವುದಿಲ್ಲ, ಪಕ್ಕದಲ್ಲಿ ಜಾಗ ಉಳಿಯುತ್ತದೆ. ದಪ್ಪಗಿನವರು ಬರುತ್ತಾರೆ, ತೆಳ್ಳಗಿನವರೂ ಬರುತ್ತಾರೆ, ಹೆರಿಗೆಯಾದವರು, ಕಾಯಿಲೆಯಿಂದ ಎದ್ದವರು ಬರುತ್ತಾರೆ. ಮೊನ್ನೆ ಕಂಡಕ್ಟರಮ್ಮನೂ ಬಂದು ಎರಡು ಗೌನು ಒಯ್ದಳು. ಮಧ್ಯಾಹ್ನದ ಊಟ ಬಿಟ್ಟಿಲ್ಲವಂತೆ. ಕೆಲವು ದಿನ ಅಕ್ಕ ಮಾತಾಡುವುದಿಲ್ಲ. ಆ ದಿನ ನಾವೂ ಮಾತಾಡಿಸುವುದಿಲ್ಲ. ಸ್ಟ್ಯಾಂಡಿನ ಹತ್ತಿರ ಒಮ್ಮೊಮ್ಮೆ ಅಡ್ಡ ತಿರುಗುತ್ತಾಳೆ, ಒಮ್ಮೊಮ್ಮೆ ನೇರ ನಡೆಯುತ್ತಾಳೆ.

ನನ್ನ ಅಂಗಡಿಯ ಕನ್ನಡಿಯ ಮುಂದೆ ಹೆಂಗಸರು ತಲೆ ಎತ್ತಿ ನಿಲ್ಲುವುದು ಆಕೆಯಿಂದ. ಬಾಗಿಲಿಗೆ ಬಂದವರಿಗೆ ನಾನು ಈಗ ಮೊದಲು ನಮಸ್ಕಾರ ಹೇಳಿ, ಆಮೇಲೆ ಭುಜ ನೋಡುವುದೂ ಆಕೆಯಿಂದ. ಈ ಎರಡಕ್ಕೆ ನಾನು ಅಳತೆಯಕ್ಕನಿಗೆ ಋಣಿ.